ಓದುಗರ ಪ್ರಶ್ನೆ, ಟೀಚರ್ ಉತ್ತರ: ಹಳೇ ಮೈದಾನದ ಮೇಲೇ ಹೊಸ ಸ್ಟೇಡಿಯಂ

ಪ್ರಶ್ನೆ: ಟೀಚರ್, ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ನಮ್ಮ ಫುಟ್‌ಬಾಲ್ ಸಂಘಕ್ಕೆ ಅಜ್ಜಂದಿರ ಕಾಲದ ಮೈದಾನ ಇದೆ. ಅದೇ ಜಾಗದಲ್ಲಿ ಗ್ಯಾಲರಿ, ಚಾವಣಿ, ಲೈಟು ಇರುವ ಒಂದು ಸಣ್ಣ ಸ್ಟೇಡಿಯಂ ಕಟ್ಟುವ ಮಾತು ನಡೆದಿದೆ. ಹಿರಿಯರು "ಮೈದಾನ ಮುಟ್ಟಬೇಡಿ, ಬೇಕಾದರೆ ಊರ ಹೊರಗೆ ಕಟ್ಟಿ" ಅನ್ನುತ್ತಾರೆ. ಹುಡುಗರು ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಉದಾಹರಣೆ ಕೊಡುತ್ತಾರೆ. ಅವರೂ ಹಳೇ ಜಾಗದಲ್ಲೇ ಕಟ್ಟಿದರಂತೆ. ನಾವು ಯಾರ ಮಾತು ಕೇಳಬೇಕು?
(ತೀರ್ಥಹಳ್ಳಿ ಕಡೆಯ ಓದುಗರು, ಸಂಘದ ಕಾರ್ಯದರ್ಶಿ)

ಉತ್ತರ: ಹಳೇ ಜಾಗದಲ್ಲೇ ಕಟ್ಟಿ ತಮ್ಮಾ. ಊರ ಹೊರಗೆ ಹೋಗಬೇಡಿ. ಆದರೆ ಎಂಜಿನಿಯರು ನಕ್ಷೆ ಬಿಚ್ಚುವುದಕ್ಕೆ ಮೊದಲು ಕಮಿಟಿಯಲ್ಲಿ ಒಂದು ಪ್ರಶ್ನೆ ಇಡಿ. ಕೆಲಸ ನಡೆಯುವಾಗ ಮಕ್ಕಳು ಎಲ್ಲಿ ಆಡುತ್ತಾರೆ? ಇದಕ್ಕೆ ಉತ್ತರ ಸಿಗುವವರೆಗೆ ಒಂದು ಗುದ್ದಲಿಯೂ ಮೈದಾನಕ್ಕೆ ಬೀಳಬಾರದು.

ಟಾಟನ್‌ಹ್ಯಾಮ್ ಕಥೆ ಹುಡುಗರು ಹೇಳುವಷ್ಟು ಸುಲಭದ್ದಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ಕ್ಲಬ್ ಶುರುವಾಗಿದ್ದು 1882ರಲ್ಲಿ. ಶುರು ಮಾಡಿದವರು ಶಾಲೆಗೆ ಹೋಗುವ ಹುಡುಗರು. ಮೊದಲು ಅವರು ಆಡಿದ್ದು ಊರಿನ ಪಕ್ಕದ ಜೌಗು ಬಯಲಿನಲ್ಲಿ. ಅದು ಯಾರು ಬೇಕಾದರೂ ಬಂದು ಆಡಬಹುದಾದ ಜಾಗ. 1899ರಲ್ಲಿ ಅವರಿಗೆ ಗಿಡ ಬೆಳೆಸುವ ನರ್ಸರಿಯೊಂದರ ಜಾಗ ಸಿಕ್ಕಿತು. ಜಮೀನು ಒಂದು ಬಿಯರ್ ಕಂಪನಿಯದು. ಅದೇ ಮುಂದೆ ವೈಟ್ ಹಾರ್ಟ್ ಲೇನ್ ಅಂತ ಹೆಸರಾಯಿತು. ಅಲ್ಲಿಂದ 2017ರವರೆಗೆ ಅದೇ ಅವರ ಮನೆ. ಕೊನೆಯ ಹೊತ್ತಿಗೆ ಸುಮಾರು 36 ಸಾವಿರ ಜನ ಕೂರಬಹುದಿತ್ತು. ಟಿಕೆಟ್ಟಿಗೆ ಕಾಯುವವರ ಸಾಲು ಮಾತ್ರ ಬಹಳ ಉದ್ದ ಇತ್ತು.

ಆಮೇಲೆ ಅವರು ಮಾಡಿದ್ದೇನು? ಒಂದೇ ಸಲ ಎಲ್ಲ ಕೆಡವಲಿಲ್ಲ. ಹಳೇ ಸ್ಟೇಡಿಯಂ ಪಕ್ಕದ ಜಾಗದಲ್ಲಿ ಮೊದಲು ಕೆಲಸ ಶುರು ಮಾಡಿದರು. 2016-17ರ ಸೀಸನ್‌ನಲ್ಲಿ ಹಳೇ ಸ್ಟೇಡಿಯಂನ ಒಂದು ಮೂಲೆಯನ್ನಷ್ಟೇ ಕೆಡವಿದರು. ಆ ಮೂಲೆಯಲ್ಲಿ ಕ್ರೇನು ನಿಂತಿದ್ದರೆ ಉಳಿದ ಕಡೆ ಜನ ಕೂತು ಮ್ಯಾಚ್ ನೋಡುತ್ತಿದ್ದರು. ಆ ವರ್ಷದ ಲೀಗ್‌ನಲ್ಲಿ ತಮ್ಮ ಮೈದಾನದಲ್ಲಿ ಆಡಿದ 19 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 17 ಗೆಲುವು, 2 ಡ್ರಾ. 2017ರ ಮೇ 14ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 2-1ರಿಂದ ಸೋಲಿಸಿ ಹಳೇ ಮನೆಗೆ ಬೀಗ ಹಾಕಿದರು.

ಮುಂದಿನ ಭಾಗವನ್ನು ನಿಮ್ಮ ಹುಡುಗರಿಗೆ ಓದಿ ಹೇಳಿ. ಹೊಸದು ತಯಾರಾಗುವವರೆಗೆ ಅವರು ವೆಂಬ್ಲಿಯಲ್ಲಿ ಆಡಬೇಕಾಯಿತು. 90 ಸಾವಿರ ಜನ ಹಿಡಿಯುವ ಸ್ಟೇಡಿಯಂ ಅದು. 2018ರ ಫೆಬ್ರವರಿಯಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯಕ್ಕೆ 83,222 ಜನ ಬಂದರು. ಪ್ರೀಮಿಯರ್ ಲೀಗ್‌ನಲ್ಲಿ ಅದೇ ದಾಖಲೆ. ಜನರೇನೋ ಬಂದರು, ಆದರೂ ಅದು ಬಾಡಿಗೆ ಮನೆಯೇ ಅಲ್ವಾ. 2018ರ ಸೆಪ್ಟೆಂಬರಿಗೆ ಹೊಸ ಸ್ಟೇಡಿಯಂ ತೆರೆಯುತ್ತೇವೆ ಅಂದಿದ್ದರು. ಸುರಕ್ಷತೆಯ ವ್ಯವಸ್ಥೆಗಳಲ್ಲಿ ದೋಷ ಕಂಡುಬಂತು. ಕೊನೆಗೆ ಮೊದಲ ದೊಡ್ಡ ಪಂದ್ಯ ನಡೆದಿದ್ದು 2019ರ ಏಪ್ರಿಲ್ 3ರಂದು. ಒಂದು ಸೀಸನ್ ಅಂದುಕೊಂಡಿದ್ದು ಹೆಚ್ಚುಕಡಿಮೆ ಎರಡು ಸೀಸನ್ ಆಯಿತು. ನೂರು ಕೋಟಿ ಪೌಂಡ್ ಲೆಕ್ಕದಲ್ಲಿ ಖರ್ಚು ಮಾಡುವವರಿಗೇ ಹೀಗಾದರೆ, ಗ್ರ್ಯಾಂಟ್ ಕಂತು ಕಂತಾಗಿ ಬರುವ ನಮ್ಮ ಕಡೆ ಏನಾಗಬಹುದು ಯೋಚಿಸಿ.

ನನಗೆ ಇದರ ಸಂಕಟ ಗೊತ್ತು. ನಾನು ದೈಹಿಕ ಶಿಕ್ಷಣ ಟೀಚರ್ ಆಗಿದ್ದ ಶಾಲೆಯೊಂದರಲ್ಲಿ ಮೈದಾನ ಸರಿ ಮಾಡುತ್ತೇವೆ ಅಂತ ಬೇಸಿಗೆಯಲ್ಲಿ ಜೆಸಿಬಿ ತಂದು ಅಗೆಸಿದರು. ಜಲ್ಲಿ ಬಂತು, ಕಂಟ್ರಾಕ್ಟರು ಬರಲಿಲ್ಲ. ಜೂನ್ ಬಂತು. ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಯಾವ ಮಣ್ಣಿನ ಕೆಲಸ ಆಗುತ್ತದೆ? ಮುಂದಿನ ಬೇಸಿಗೆಗೆ ಅಂದರು, ಅದೂ ಕಳೆಯಿತು. ಎಂಟನೇ ಕ್ಲಾಸಿನಲ್ಲಿ ಒಳ್ಳೇ ತಂಡವಾಗಿದ್ದ ಮಕ್ಕಳು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಆಟ ಬಿಟ್ಟಿದ್ದರು. ಮೈದಾನವನ್ನು ಆಮೇಲೆ ಸರಿ ಮಾಡಬಹುದು. ಆ ಮಕ್ಕಳಿಗೆ ಆ ವಯಸ್ಸು ಮತ್ತೆ ಬರುವುದಿಲ್ಲ. ಈ ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಯಾರಿಗಾದರೂ ಬೇಜಾರಾದರೂ ಪರವಾಗಿಲ್ಲ.

ಹಾಗಾದರೆ ದಾರಿ ಏನು? ನನಗೆ ಟಾಟನ್‌ಹ್ಯಾಮ್‌ಗಿಂತ ಸ್ಪೇನ್ ದೇಶದ ಬಿಲ್ಬಾವೊ ಊರಿನ ಅಥ್ಲೆಟಿಕ್ ಕ್ಲಬ್ ಮಾಡಿದ ಕೆಲಸ ಜಾಸ್ತಿ ಇಷ್ಟ. ಬಾಸ್ಕ್ ನಾಡಿನ ಹುಡುಗರನ್ನೇ ಆಡಿಸುವ ಕ್ಲಬ್ ಅದು. ಅವರ ಸಾನ್ ಮಾಮೆಸ್ ಮೈದಾನ 1913ರದ್ದು. ಹೊಸ ಸ್ಟೇಡಿಯಂನ ಮೂರು ಬದಿಯನ್ನು ಪಕ್ಕದ ಜಾಗದಲ್ಲಿ ಕಟ್ಟಿದರು. ಅಷ್ಟೂ ದಿನ ಹಳೆಯದರಲ್ಲೇ ಆಡಿದರು. 2013ರಲ್ಲಿ ಸೀಸನ್ ಮುಗಿದ ಮೇಲೆ ಹಳೆಯದನ್ನು ಕೆಡವಿದರು. ಸೆಪ್ಟೆಂಬರಿನಲ್ಲಿ ಮೂರೇ ಬದಿ ಇರುವ ಹೊಸ ಸ್ಟೇಡಿಯಂನಲ್ಲಿ ಆಟ ಶುರು ಮಾಡಿದರು. ನಾಲ್ಕನೆಯ ಬದಿ ಎದ್ದಿದ್ದು ಹಳೇ ಸ್ಟೇಡಿಯಂ ಇದ್ದ ಜಾಗದಲ್ಲಿ. 2014ರಲ್ಲಿ ಅದೂ ಮುಗಿಯಿತು. ವರ್ಷಗಟ್ಟಲೆ ಬೇರೆಯವರ ಮೈದಾನದಲ್ಲಿ ಆಡುವ ಪಾಡು ಅವರಿಗೆ ಬರಲಿಲ್ಲ.

ನೀವೂ ಹೀಗೇ ಯೋಚಿಸಿ. ಮೊದಲ ಬೇಸಿಗೆಯಲ್ಲಿ ಒಂದು ಬದಿಯ ಗ್ಯಾಲರಿ ಮಾತ್ರ. ಆಡುವ ಹುಲ್ಲನ್ನು ಮುಟ್ಟಬೇಡಿ. ಸಿಮೆಂಟು, ಕಬ್ಬಿಣ, ಜಲ್ಲಿ ಇಳಿಸುವ ಜಾಗ ಮೈದಾನದ ಹೊರಗಿರಲಿ. ಲಾರಿ ಹುಲ್ಲಿನ ಮೇಲೆ ಓಡಾಡಿದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಂತುಹೋಗುತ್ತದೆ. ಮುಂದಿನ ಬೇಸಿಗೆಗೆ ಇನ್ನೊಂದು ಬದಿ. ಹುಲ್ಲನ್ನು ಬಿಚ್ಚಲೇಬೇಕು ಅಂತಾದರೆ ಅದಕ್ಕೆ ಮೊದಲೇ ಹತ್ತಿರದ ಹೈಸ್ಕೂಲ್ ಮೈದಾನವನ್ನು ಬರವಣಿಗೆಯಲ್ಲಿ ಕೇಳಿ ಗೊತ್ತು ಮಾಡಿಕೊಳ್ಳಿ. ಬಾಯಿಮಾತು ಸಾಲದು.

ಇನ್ನು ಹಿರಿಯರ ಮಾತು. ಅವರ ಭಯ ಸುಳ್ಳಲ್ಲ. ಅವರು ಮೈದಾನದ ಗೆರೆಯ ಪಕ್ಕದಲ್ಲೇ ಅಡಿಕೆ ದಬ್ಬೆಯ ಅಟ್ಟಣಿಗೆ ಹಾಕಿಕೊಂಡು ಆಟ ನೋಡಿದವರಿರಬೇಕು. ಗೋಲ್‌ಕೀಪರ್ ಹೆಸರು ಹಿಡಿದು ಕೂಗಿದರೆ ಅವನು ತಿರುಗಿ ನೋಡುವಷ್ಟು ಹತ್ತಿರ. ಸ್ಟೇಡಿಯಂ ಅಂದ ಕೂಡಲೇ ಅದು ಹೋಗುತ್ತದೆ ಅನ್ನುವ ಚಿಂತೆ. ನಮ್ಮ ಜಿಲ್ಲಾ ಕ್ರೀಡಾಂಗಣಗಳಲ್ಲಿ ಸುತ್ತ 400 ಮೀಟರ್ ಟ್ರ್ಯಾಕ್ ಇರುತ್ತದೆ. ಓಟಕ್ಕೆ ಅದು ಬೇಕೇಬೇಕು. ಆದರೆ ಫುಟ್‌ಬಾಲ್ ನೋಡುವವನು ಗೋಲ್ ಪೋಸ್ಟಿನಿಂದ ಬಹಳ ದೂರ ಆಗುತ್ತಾನೆ. ಲಂಡನ್ನಿನ ಇನ್ನೊಂದು ಕ್ಲಬ್ ವೆಸ್ಟ್ ಹ್ಯಾಮ್ 2016ರಲ್ಲಿ ಒಲಿಂಪಿಕ್ ಸ್ಟೇಡಿಯಂಗೆ ಹೋಯಿತು. ಆಟ ದೂರವಾಯಿತು ಅಂತ ಅಲ್ಲಿನ ಅಭಿಮಾನಿಗಳು ಇವತ್ತಿಗೂ ಕೊರಗುತ್ತಾರೆ.

ಟಾಟನ್‌ಹ್ಯಾಮ್‌ನವರು ಇಲ್ಲಿ ಬಹಳ ಎಚ್ಚರ ವಹಿಸಿದರು. ಹೊಸ ಸ್ಟೇಡಿಯಂನಲ್ಲಿ 62,850 ಜನ ಕೂರಬಹುದು. ಆದರೂ ಮುಂದಿನ ಸಾಲು ಮೈದಾನದ ಗೆರೆಯಿಂದ ಐದರಿಂದ ಎಂಟು ಮೀಟರ್ ದೂರದಲ್ಲಷ್ಟೇ ಇದೆ. ದಕ್ಷಿಣದ ಬದಿಯಲ್ಲಿ 17,500 ಸೀಟುಗಳ ಒಂದೇ ದೊಡ್ಡ ಇಳಿಜಾರು ಗ್ಯಾಲರಿ. ಮಧ್ಯೆ ಮಹಡಿಗಳಿಲ್ಲ. ಕೂಗು ಒಡೆಯದೆ ಒಟ್ಟಿಗೆ ಮೈದಾನಕ್ಕೆ ಬೀಳಲಿ ಅಂತ. ಹಳೇ ಮೈದಾನದ ನಡುಚುಕ್ಕಿ ಎಲ್ಲಿತ್ತೋ ಆ ಜಾಗದಲ್ಲಿ ಗುರುತು ಹಾಕಿದ್ದಾರೆ. ಹಳೇ ಕಟ್ಟಡದ ಅಡಿಪಾಯವನ್ನು ಪುಡಿ ಮಾಡಿ ಹೊಸ ನೆಲದ ಕಾಂಕ್ರೀಟಿಗೆ ಸೇರಿಸಿದರು. ಬಿಲ್ಬಾವೊದವರು ಹಳೇ ಸ್ಟೇಡಿಯಂನ ದೊಡ್ಡ ಕಮಾನನ್ನು ತಮ್ಮ ಹುಡುಗರು ಅಭ್ಯಾಸ ಮಾಡುವ ಲೆಸಾಮಾ ಮೈದಾನಕ್ಕೆ ತಂದು ನಿಲ್ಲಿಸಿದರು. ನಿಮ್ಮ ಹಿರಿಯರನ್ನು ಕೂರಿಸಿಕೊಂಡು ಕೇಳಿ: ನಿಮಗೆ ಇಲ್ಲಿ ಏನು ಉಳಿಯಬೇಕು? ಗೋಲ್ ಹಿಂದಿನ ಮಾವಿನ ಮರವೋ, ಜಂಬಿಟ್ಟಿಗೆಯ ಕಟ್ಟೆಯೋ? ಅದನ್ನು ನಕ್ಷೆಯಲ್ಲೇ ಬರೆಸಿ. ಕೇಳಿದ ಮೇಲೆ ಅವರೂ ಬೇಡ ಅನ್ನಲಾರರು ಅಂತ ನನ್ನ ನಂಬಿಕೆ.

ಇನ್ನೊಂದು ವಿಷಯ ತಪ್ಪದೆ ನೋಡಿಕೊಳ್ಳಿ. ಬಿಲ್ಬಾವೊ ಕೂಡ ನಮ್ಮ ಹಾಗೆ ಮಳೆ ಜಾಸ್ತಿ ಇರುವ ಊರು. ಹೊಸ ಸ್ಟೇಡಿಯಂನಲ್ಲಿ ಚಾವಣಿ ಇತ್ತು, ಆದರೂ ಕೆಳಗಿನ ಸಾಲಿನವರು ನೆನೆಯುತ್ತಿದ್ದರು. 2016ರಲ್ಲಿ ಮತ್ತೆ ಖರ್ಚು ಮಾಡಿ ಚಾವಣಿಯನ್ನು ಮುಂದಕ್ಕೆ ಚಾಚಿದರು. ಆಗುಂಬೆ ಇರುವ ತಾಲ್ಲೂಕಿನವರು ನೀವು. ಎರಚಲು ಯಾವ ಕಡೆಯಿಂದ ಹೊಡೆಯುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಯಲುಸೀಮೆಯ ಕಡೆ ಮಾಡಿದ ನಕ್ಷೆಯನ್ನೇ ತಂದು ಇಲ್ಲಿ ಕಟ್ಟಲು ಬಿಡಬೇಡಿ. ಮೊದಲ ಗ್ಯಾಲರಿ ಪಶ್ಚಿಮದ ಬದಿಗೆ ಬರಲಿ. ಮಳೆಗಾಳಿ ಬೆನ್ನಿಗೆ ಬೀಳುತ್ತದೆ. ಸಂಜೆಯ ಬಿಸಿಲೂ ಕಣ್ಣಿಗೆ ಬೀಳುವುದಿಲ್ಲ. ಗೋಲ್ ಪೋಸ್ಟು ಉತ್ತರ-ದಕ್ಷಿಣಕ್ಕೇ ಇರಲಿ.

ಪ್ರಶ್ನೆ: ಟೀಚರ್, ಟಾಟನ್‌ಹ್ಯಾಮ್ ಸ್ಟೇಡಿಯಂನಲ್ಲಿ ಹುಲ್ಲೇ ಜರುಗಿ ಒಳಗೆ ಹೋಗುತ್ತದಂತೆ, ನಿಜವಾ? ನಮ್ಮ ಕಡೆ ಮಣ್ಣಿನ ಮೈದಾನಕ್ಕೆ ಟರ್ಫ್ (ಕೃತಕ ಹುಲ್ಲು) ಹಾಕಿಸುವುದು ಒಳ್ಳೆಯದಾ, ಹುಲ್ಲು ಒಳ್ಳೆಯದಾ?
(ಭದ್ರಾವತಿಯ ಓದುಗರು)

ಉತ್ತರ: ನಿಜ. ಹುಲ್ಲಿನ ಮೈದಾನ ಮೂರು ಭಾಗವಾಗಿ ಬಿಚ್ಚಿಕೊಂಡು ದಕ್ಷಿಣದ ಗ್ಯಾಲರಿಯ ಕೆಳಗೆ ಸರಿಯುತ್ತದೆ. ಒಂದೊಂದು ಭಾಗವೂ 3,000 ಟನ್ನಿಗಿಂತ ಹೆಚ್ಚು ಭಾರ. ಕೆಳಗಿನಿಂದ ಕೃತಕ ಹುಲ್ಲಿನ ಇನ್ನೊಂದು ಮೈದಾನ ಕಾಣಿಸುತ್ತದೆ. ಅದು ಅಮೆರಿಕನ್ ಫುಟ್‌ಬಾಲಿಗೆ. ಎರಡು ಆಟಕ್ಕೂ ಒಂದೇ ಹುಲ್ಲು ಬಳಸಿದರೆ ಹುಲ್ಲು ಉಳಿಯುವುದಿಲ್ಲ ಅಂತ ಈ ಏರ್ಪಾಡು. ಅಂದರೆ ಅಷ್ಟು ದುಡ್ಡಿದ್ದವರೂ ಫುಟ್‌ಬಾಲಿಗೆ ನಿಜವಾದ ಹುಲ್ಲನ್ನೇ ಇಟ್ಟುಕೊಂಡರು.

ನಿಮ್ಮಲ್ಲಿ ಎಷ್ಟು ಜನ, ಎಷ್ಟು ಹೊತ್ತು ಆಡುತ್ತಾರೆ ಅನ್ನುವುದರ ಮೇಲೆ ಉತ್ತರ ಇದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ತಂಡ ಆಡುವ ಜಾಗಕ್ಕೆ ಟರ್ಫ್ ಸರಿ. ಆದರೆ ಎಂಟು-ಹತ್ತು ವರ್ಷಕ್ಕೆ ಅದು ಸವೆಯುತ್ತದೆ, ಮತ್ತೆ ಅಷ್ಟೇ ದುಡ್ಡು ಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಾಯುತ್ತದೆ. ಬರಿಗಾಲಿನ ಮಕ್ಕಳು ಬಿದ್ದರೆ ಚರ್ಮ ಕಿತ್ತುಬರುತ್ತದೆ. ನಮ್ಮ ಕಡೆ ಬೂಟಿಲ್ಲದೆ ಆಡುವ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಹಾಗಾಗಿ ನನ್ನ ಮತ ಹುಲ್ಲಿಗೆ.

ಹುಲ್ಲು ಉಳಿಯಬೇಕಾದರೆ ನೀರು ಹೋಗಬೇಕು. ಅಡಿಕೆ ತೋಟದಲ್ಲಿ ನೀರು ಬಸಿಯಲು ಕಪ್ಪು (ಕಾಲುವೆ) ತೆಗೆಯುವುದಿಲ್ಲವೇ, ಲೆಕ್ಕ ಅದೇ. ನಡುವೆ ಸ್ವಲ್ಪ ಎತ್ತರ, ಬದಿಗಳಿಗೆ ಇಳಿಜಾರು. ಕೆಳಗೆ ತೂತಿರುವ ಪೈಪು, ಮೇಲೆ ಜಲ್ಲಿ, ಅದರ ಮೇಲೆ ಮರಳು, ಆಮೇಲೆ ಮಣ್ಣು ಮತ್ತು ಹುಲ್ಲು. ಸುತ್ತಲೂ ತೆರೆದ ಚರಂಡಿ. ಪೈಪಿನ ಇನ್ನೊಂದು ತುದಿ ಮೈದಾನಕ್ಕಿಂತ ತಗ್ಗಿನಲ್ಲಿರುವ ಹಳ್ಳಕ್ಕೆ ಸೇರಬೇಕು. ಸುಮ್ನೆ ಪೈಪು ಹೂತು, ಬಾಯಿ ಎಲ್ಲೂ ತೆರೆಯದ ಮೈದಾನಗಳನ್ನು ನಾನು ನೋಡಿದ್ದೇನೆ. ದುಡ್ಡು ಕಮ್ಮಿ ಬಿದ್ದರೆ ಲೈಟು ಕೈಬಿಡಿ, ಚಾವಣಿ ಒಂದು ವರ್ಷ ತಡ ಮಾಡಿ. ಇದನ್ನು ಬಿಡಬೇಡಿ.

ಪ್ರಶ್ನೆ: ಟೀಚರ್, ನಾನು ಪಿಯುಸಿ ಓದುತ್ತಿದ್ದೇನೆ. ನಮ್ಮ ಊರಿನ ಮೈದಾನಕ್ಕೂ ಹೊಸ ಗ್ಯಾಲರಿ ಬರುತ್ತಿದೆ. ಹುಡುಗಿಯರ ತಂಡಕ್ಕೆ ಆಡಲು ಸಮಯ ಕೊಡಿ ಅಂದರೆ "ನಿಮ್ಮ ಆಟ ನೋಡಲು ಯಾರು ಬರುತ್ತಾರೆ" ಅಂತಾರೆ. ಏನು ಹೇಳಲಿ?
(ಸಾಗರದ ಓದುಗಿ)

ಉತ್ತರ: ಪುಟ್ಟಿ, ಮೇಲೆ ಹೇಳಿದ ಅದೇ ಟಾಟನ್‌ಹ್ಯಾಮ್ ಸ್ಟೇಡಿಯಂನಲ್ಲಿ 2019ರ ನವೆಂಬರ್ 17ರಂದು ಟಾಟನ್‌ಹ್ಯಾಮ್ ಮತ್ತು ಆರ್ಸೆನಲ್ ಮಹಿಳಾ ತಂಡಗಳು ಆಡಿದವು. ನೋಡಲು ಬಂದವರು 38,262 ಜನ. ಇಂಗ್ಲೆಂಡಿನ ಮಹಿಳೆಯರ ಲೀಗ್‌ನಲ್ಲಿ ಆಗ ಅದು ದಾಖಲೆ. ದೊಡ್ಡವರಿಗೆ ತೆರೆಯುವ ಮೊದಲು ಆ ಸ್ಟೇಡಿಯಂನಲ್ಲಿ ಮೊದಲ ಪಂದ್ಯ ಆಡಿದವರು 18 ವರ್ಷದೊಳಗಿನ ಹುಡುಗರು. 2019ರ ಮಾರ್ಚ್ ತಿಂಗಳ ಆ ಮ್ಯಾಚಿಗೂ ಸುಮಾರು 29 ಸಾವಿರ ಜನ ಬಂದಿದ್ದರು. ಜಾಗ ಕೊಟ್ಟರೆ ಜನ ಬರುತ್ತಾರೆ.

ಆದರೆ ಈ ಅಂಕಿಗಳನ್ನು ಹೇಳಿ ವಾದ ಮಾಡುವುದಕ್ಕಿಂತ ಮೊದಲು ನಕ್ಷೆ ಕೇಳಿ ನೋಡು. ಗ್ಯಾಲರಿಯ ಕೆಳಗೆ ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ, ನೀರು ಬರುವ ಶೌಚಾಲಯ, ಒಳಗಿನಿಂದ ಹಾಕುವ ಚಿಲಕ ಇದೆಯಾ? ಕಟ್ಟಿದ ಮೇಲೆ ಇವನ್ನು ಯಾರೂ ಸೇರಿಸುವುದಿಲ್ಲ. ನಿನ್ನ ಜೊತೆ ಆಡುವವರೆಲ್ಲ ಸಹಿ ಹಾಕಿ ಸಂಘಕ್ಕೂ ಪಂಚಾಯಿತಿಗೂ ಅರ್ಜಿ ಕೊಡಿ. ಅಮ್ಮಂದಿರ ಸಹಿಯೂ ಇರಲಿ. ವಾರದಲ್ಲಿ ಎರಡು ಸಂಜೆ ನಮ್ಮದು ಅಂತ ದಿನದ ಹೆಸರು ಹಾಕಿಯೇ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ. ಅರ್ಜಿ ಬರೆಯಲು ಬರದಿದ್ದರೆ ನನಗೆ ಇನ್ನೊಂದು ಪತ್ರ ಹಾಕು, ನಾನೇ ಬರೆದು ಕಳಿಸುತ್ತೇನೆ.