ಆದೇಶ ವಿಧಾನದಲ್ಲಿ ಅಕ್ಷರಗಳೇ ಕಾಣೆಯಾದರೆ

ಜೋಡಿ ಸಮೀಕರಣವನ್ನು ಆದೇಶ ವಿಧಾನದಲ್ಲಿ, ಅಂದರೆ ಒಂದು ಸಮೀಕರಣದಿಂದ ಒಂದು ಅಕ್ಷರದ ಬೆಲೆ ತೆಗೆದು ಇನ್ನೊಂದಕ್ಕೆ ಹಾಕಿ, ಬಿಡಿಸುವಾಗ ನಿಮ್ಮ ಮಗಳಿಗೆ ಕೊನೆಗೆ 5 = 5 ಎಂದು ಬರುತ್ತದೆ, ಎಕ್ಸ್, ವೈ ಎರಡೂ ಕಾಣೆಯಾಗುತ್ತವೆ, ತಪ್ಪು ಎಲ್ಲಿದೆ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಅವಳು ಒಂದನೆಯ ಸಮೀಕರಣದಿಂದ ತೆಗೆದ ಎಕ್ಸ್ ಅನ್ನು ಮತ್ತೆ ಒಂದನೆಯದಕ್ಕೇ ಹಾಕುತ್ತಿದ್ದಾಳೆ.

ನಾನು ಗುಳೇದಗುಡ್ಡದಲ್ಲಿ ಸಂಜೆ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನೇಕಾರರ ಮನೆಯ ಮಕ್ಕಳೇ ಹೆಚ್ಚು, ಹಾಗಾಗಿ ಇಳಕಲ್ ಸೀರೆ ಮತ್ತು ನಮ್ಮೂರ ಖಣದ ಲೆಕ್ಕವನ್ನೇ ಕೊಡುತ್ತೇನೆ. ಒಂದು ಸೀರೆಗೂ ಎರಡು ಖಣಕ್ಕೂ ಸೇರಿ 1900 ರೂಪಾಯಿ. ಎರಡು ಸೀರೆಯ ಬೆಲೆ ಮೂರು ಖಣದ ಬೆಲೆಗಿಂತ 1700 ರೂಪಾಯಿ ಹೆಚ್ಚು. (ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು.)

ಸ + 2ಖ = 1900
2ಸ − 3ಖ = 1700

ಇಲ್ಲಿ ‘ಸ’ ಎಂದರೆ ಸೀರೆಯಲ್ಲ, ಒಂದು ಸೀರೆಗೆ ಕೊಡುವ ರೂಪಾಯಿ. ಇದನ್ನು ಮೊದಲ ದಿನವೇ ಹೇಳಿಬಿಡಬೇಕು.

ಒಂದನೆಯದರಿಂದ ಸ = 1900 − 2ಖ. ಇದನ್ನು ಅದಕ್ಕೇ ಹಾಕಿದರೆ 1900 − 2ಖ + 2ಖ, ಅಂದರೆ 1900 = 1900. ಸುಳ್ಳಲ್ಲ, ಆದರೆ ಅದು ಹೇಳಿದ್ದನ್ನೇ ಮತ್ತೆ ಅದರ ಬಾಯಿಂದ ಕೇಳಿದಂತಾಯಿತು. ಎರಡನೆಯದಕ್ಕೆ ಹಾಕಿ:

2(1900 − 2ಖ) − 3ಖ = 1700
3800 − 7ಖ = 1700

ಖಣ 300, ಸೀರೆ 1300.

ಆ ಆವರಣವನ್ನು ಮಾತ್ರ ಬಿಡಬಾರದು. ಕಳೆದ ವಾರ ಒಬ್ಬ ಹುಡುಗ 2 × 1900 − 2ಖ − 3ಖ ಎಂದು ಬರೆದ. ಖಣ 420, ಸೀರೆ 1060 ಬಂತು. ‘ತಾಳೆ ನೋಡಿದೆ ಸರ್, ಸರಿಯಿದೆ’ ಎಂದ. ನೋಡಿದ್ದ ನಿಜ: 1060 + 840 = 1900. ಆದರೆ ಸೀರೆಯ ಬೆಲೆಯನ್ನು ತೆಗೆದದ್ದೇ ಆ ಸಮೀಕರಣದಿಂದ. ಖಣಕ್ಕೆ ಎಷ್ಟೇ ಬರಲಿ, ಅಲ್ಲಿ ತಾಳೆಯಾಗಿಯೇ ತೀರುತ್ತದೆ. ಎರಡನೆಯದರಲ್ಲಿ ನೋಡಿಸಿದೆ. 2120 − 1260 = 860. ಬರಬೇಕಾದದ್ದು 1700. ಹುಡುಗ ತಾನೇ ರಬ್ಬರ್ ತೆಗೆದುಕೊಂಡ. ತಾಳೆಯನ್ನು ಯಾವಾಗಲೂ ಇನ್ನೊಂದು ಸಮೀಕರಣದಲ್ಲಿಯೂ ನೋಡಲು ನಿಮ್ಮ ಮಗಳಿಗೆ ಹೇಳಿ.

ಸರಿಯಾಗಿ ಎರಡನೆಯದಕ್ಕೇ ಹಾಕಿದರೂ ಅಕ್ಷರ ಮಾಯವಾಗುವುದುಂಟು. ಎರಡನೆಯದು 2ಸ + 4ಖ = 3800 ಆಗಿದ್ದರೆ ಅದು ಒಂದನೆಯದರ ಇಮ್ಮಡಿ ಅಷ್ಟೇ, ಉತ್ತರಗಳು ಅಪರಿಮಿತ. ಅದೇ 4000 ಆಗಿದ್ದರೆ 3800 = 4000 ಎಂದು ಬರುತ್ತದೆ, ಉತ್ತರವೇ ಇಲ್ಲ. ಅವಳದ್ದು ಯಾವುದೆಂದು ತಿಳಿಯಲು ಆ ಎರಡು ಸಮೀಕರಣಗಳನ್ನು ಬರೆದು ಕಳುಹಿಸಿ, ನೋಡಿ ಹೇಳುತ್ತೇನೆ.