ಅಮೆರಿಕದಲ್ಲಿ ಬೇರೆ ರಾಜ್ಯದ ಫೆಡರಲ್ (ಕೇಂದ್ರ) ಕೋರ್ಟಿಗೆ ವಕೀಲರಾಗಿ ಸೇರಲು ಸ್ಪಾನ್ಸರ್ ಸಿಗುವುದು ಹೇಗೆ?

ಸ್ಪಾನ್ಸರ್, ಅಂದರೆ ನಿಮ್ಮ ಪರವಾಗಿ ಮಾತು ಕೊಡುವ ವಕೀಲರು, ಅದೇ ಊರಿನವರಾಗಬೇಕಿಲ್ಲ. ಸಾಮಾನ್ಯವಾಗಿ, ಆ ಕೋರ್ಟಿನ ಬಾರ್‌ನಲ್ಲಿ (ಅಲ್ಲಿ ವಾದಿಸಬಲ್ಲ ವಕೀಲರ ಪಟ್ಟಿಯಲ್ಲಿ) ಹೆಸರಿದ್ದು ನಿಮ್ಮನ್ನು ಬಲ್ಲವರಾಗಿದ್ದರೆ ಸಾಕು. ಹಾಗಾಗಿ ಲಾ ಸ್ಕೂಲಿನ ಸಹಪಾಠಿಗಳು, ಹಳೆಯ ಸಹೋದ್ಯೋಗಿಗಳು, ಜೊತೆಯಲ್ಲಿ ಕೇಸು ನಡೆಸಿದವರನ್ನು (ಎದುರು ಕಕ್ಷಿಯ ವಕೀಲರನ್ನೂ!) ಮೊದಲು ಕೇಳಿ. ಯಾರೂ ಇಲ್ಲದಿದ್ದರೆ ಫೆಡರಲ್ ಬಾರ್ ಅಸೋಸಿಯೇಷನ್ ಎಂಬ ವಕೀಲರ ಸಂಘದ ಅಲ್ಲಿಯ ಶಾಖೆಯಲ್ಲಿ ಪರಿಚಯ ಬೆಳೆಸಿಕೊಳ್ಳಿ.

ಅಲ್ಲಿನ 94 ಫೆಡರಲ್ ಜಿಲ್ಲಾ ಕೋರ್ಟುಗಳಿಗೆ ಅವುಗಳದೇ ಬಾರ್, ಅವುಗಳದೇ ನಿಯಮ. ನಿಮ್ಮ ರಾಜ್ಯದ ಪ್ರಮಾಣಪತ್ರ ನೋಡಿದರೆ ಲೈಸೆನ್ಸ್ ಸರಿಯಾಗಿದೆ ಎಂಬುದಷ್ಟೇ ಗೊತ್ತಾಗುತ್ತದೆ. ನಿಮ್ಮ ನಡತೆಗೆ ಜಾಮೀನು ನಿಲ್ಲುವವರು ಸ್ಪಾನ್ಸರ್.

ಆದರೆ ಹುಡುಕಾಟಕ್ಕೆ ಮುಂಚೆ ಸ್ಥಳೀಯ ನಿಯಮ ಓದಿ. ಕೆಲವು ಕೋರ್ಟುಗಳು ಸ್ಪಾನ್ಸರ್ ಕೇಳುವುದೇ ಇಲ್ಲ. ಕ್ಯಾಲಿಫೋರ್ನಿಯಾದಂಥ ಕಡೆ ಆ ರಾಜ್ಯದ ಬಾರ್ ಸದಸ್ಯತ್ವವೇ ಬೇಕು, ಸ್ಪಾನ್ಸರ್ ಇದ್ದೂ ಉಪಯೋಗವಿಲ್ಲ. ಒಂದೇ ಕೇಸಿಗಾದರೆ ‘ಪ್ರೊ ಹಾಕ್ ವೀಸೆ’, ಅಂದರೆ ಆ ಕೇಸಿಗಷ್ಟೇ ಸಿಗುವ ಅನುಮತಿ, ಕೇಳುವುದು ಲೇಸು.