ಪ್ರತಿ: ಕೋಪದಲ್ಲಿ ಬಾಯಿ ಹಿಡಿತದಲ್ಲಿರೋಕೆ ಯಾವ ಪ್ರಾರ್ಥನೆ ಮಾಡ್ಲಿ?

ಸಿಸ್ಟರ್, ಕೋಪ ಬಂದ್ರೆ ಅತ್ತೆಗೆ ಏನೇನೋ ಅಂದ್ಬಿಡ್ತೀನಿ, ಆಮೇಲೆ ರಾತ್ರಿ ಕೂತು ಅಳ್ತೀನಿ, ಇದಕ್ಕೆ ಪ್ರಾರ್ಥನೆ ಇದ್ಯಾ ಅಂತ ಕೇಳಿದ್ರಲ್ಲ, ಇದೆ. ಬೈಬಲ್‌ನಲ್ಲಿ ಕೀರ್ತನೆ 141ರ 3ನೇ ವಚನ ತೆಗೀರಿ. ಬಾಯಿಗೆ ಕಾವಲಿಡು, ತುಟಿಗಳ ಬಾಗಿಲು ಕಾಯಿ ಅಂತ ದೇವರನ್ನೇ ಕೇಳ್ಕೊಳ್ಳೋ ಮಾತು ಅದು. ನಾನೇ ಕಾಯ್ಕೊಳ್ತೀನಿ ಅಂತ ಅಲ್ಲಿಲ್ಲ ನೋಡಿ, ನಂಗೆ ಸಮಾಧಾನ ಸಿಕ್ಕಿದ್ದೇ ಅಲ್ಲಿ, ಯಾಕಂದ್ರೆ ಯಾಕೋಬನ ಪತ್ರಿಕೆ 3ನೇ ಅಧ್ಯಾಯದಲ್ಲೂ ನಾಲಿಗೆನ ಪಳಗಿಸೋಕೆ ಯಾವ ಮನುಷ್ಯನ ಕೈಲೂ ಆಗಲ್ಲ ಅಂತಾನೇ ಇದೆ, ನಾವು ವರ್ಷಗಟ್ಟಲೆ ನಮ್ಮ ಬಲದಲ್ಲೇ ಟ್ರೈ ಮಾಡಿ ಸೋತು ಸುಸ್ತಾಗಿರ್ತೀವಿ.

ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, 4ನೇ ವಚನನೂ ಸೇರಿಸಿ, ಹೃದಯ ಕೆಟ್ಟದ್ದರ ಕಡೆ ವಾಲದ ಹಾಗೆ ನೋಡ್ಕೋ ಅಂತ ಅಲ್ಲಿ ಬರುತ್ತೆ. ಹೃದಯದಲ್ಲಿ ತುಂಬಿರೋದೇ ಬಾಯಲ್ಲಿ ಬರೋದು ಅಂತ ಯೇಸು ಸ್ವಾಮಿ ಹೇಳಿದ್ದು ಮತ್ತಾಯ 12:34ರಲ್ಲಿದೆ, ಹಾಗಾಗಿ ಅತ್ತೆ ಮೇಲೆ ಒಳಗೆ ಏನು ಹಳೇ ನೋವು ಕೂತಿದ್ಯೋ ಅದನ್ನ ಮೊದಲು ದೇವರ ಹತ್ರ ಬಿಡಿಸಿ ಹೇಳ್ಕೊಳ್ಳಿ, ಕಣ್ಣೀರು ಬಂದ್ರೂ ಪರ್ವಾಗಿಲ್ಲ.

ಈ ಪ್ರಾರ್ಥನೆನ ನಾನು ಅಡುಗೆಮನೆಗೆ ಹೋಗೋ ಮುಂಚೆ ಹೇಳ್ತೀನಿ, ಜಗಳ ಶುರು ಆಗೋದು ಅಲ್ಲೇ ಅಲ್ವಾ. ನೀವು ಕ್ಯಾಥೊಲಿಕ್ ಆಗಿದ್ರೆ ಪೂಜೇಲಿ ಸುವಾರ್ತೆ ಓದೋ ಮುಂಚೆ ಹಣೆ, ತುಟಿ, ಎದೆ ಮೇಲೆ ಶಿಲುಬೆ ಗುರುತು ಹಾಕ್ತೀರಲ್ಲ, ಮಾತಾಡಕ್ಕಾಗದಷ್ಟು ಕೋಪ ಬಂದಾಗ ಅದನ್ನೇ ನಿಧಾನಕ್ಕೆ ಮಾಡಿ.

ಇವತ್ತು ಅಂದಿದ್ದಕ್ಕೆ ಇವತ್ತೇ ಅತ್ತೆ ಹತ್ರ ಹೋಗಿ ತಪ್ಪಾಯ್ತು ಅಂತ ಹೇಳ್ಬಿಡಿ, ಆಮೇಲೆ ಪ್ರಾರ್ಥನೆಗೆ ಕೂತ್ಕೊಳ್ಳಿ.